ಬೀದಿಯಲ್ಲಿ ಬಾಣದಂತೆ ಓಡುವ ಮೋಟಾರು: ದೂರು ಯಾರಿಗೆ, ಹೇಗೆ?



ಬೆಳೆಗೆ ರೋಗ ಬಿದ್ದರೆ ಯಾರನ್ನು ಕೇಳಬೇಕೆಂದು ನಮಗೆ ಗೊತ್ತು. ದನಕ್ಕೆ ಕಾಲುಬಾಯಿ ಜ್ವರ ಬಂದರೆ ಯಾವ ಆಸ್ಪತ್ರೆಗೆ ಓಡಬೇಕೆಂದೂ ಗೊತ್ತು. ಆದರೆ ಮನೆಯ ಮುಂದೆ ಟಿಪ್ಪರು, ಬೈಕು ಬಾಣದಂತೆ ಹೋಗುತ್ತಿದ್ದರೆ? “ಯಾರಿಗೆ ಹೇಳಿ ಏನಾದೀತು ಬಿಡ್ರಿ” ಎಂದು ಕೈಕಟ್ಟಿ ಕೂಡುತ್ತೇವೆ. ಈ ಹೊತ್ತು ಅದೇ ವಿಷಯ ಮಾತನಾಡೋಣ.

ದಾವಣಗೆರೆ, ಹರಿಹರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ನಮ್ಮ ಸೀಮೆಯಲ್ಲೇ ಹಾಯ್ದುಹೋಗಿದೆ. ಪೇಟೆ ಬೆಳೆದು ಬಡಾವಣೆಗಳಾಗಿವೆ. ಸರಸ್ವತಿ ನಗರದಂಥ ಬಡಾವಣೆಯಲ್ಲಿ ಶಾಲೆಗೆ ಹೋಗುವ ಮಗುವಿಗೂ ಹಾಲಿನ ಕ್ಯಾನು ಕಟ್ಟಿದ ಬೈಕಿಗೂ ಅವಸರದ ಕಾರಿಗೂ ಒಂದೇ ಬೀದಿ. ಹಳ್ಳಿಯಲ್ಲೂ ಅಷ್ಟೇ. ಮಣ್ಣಿನ ರಸ್ತೆ ಇದ್ದಾಗ ಗುಂಡಿಯೇ ಪೊಲೀಸನಾಗಿತ್ತು. ಡಾಂಬರು ಬಿತ್ತು, ಗುಂಡಿ ಹೋಯಿತು, ವೇಗ ಬಂತು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ ಸುಮಾರು 71 ಸಾವಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಗಂಟೆಗೆ 40 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಮುಂದೆ ಹೋಗಿರುತ್ತದೆ. 60ರ ವೇಗದ್ದು ಹತ್ತಿರ ಹತ್ತಿರ 17 ಮೀಟರು. ಚಾಲಕ ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಇಷ್ಟು ದೂರ ಆಗಿಹೋಗಿರುತ್ತದೆ. ಆಮೇಲೆ ಗಾಡಿ ನಿಲ್ಲಬೇಕಲ್ಲ, ವೇಗ ಇಮ್ಮಡಿಯಾದರೆ ಆ ದೂರ ನಾಲ್ಕು ಪಟ್ಟಾಗುತ್ತದೆ.

ದೂರು ಕೊಡುವವರು ಸಾಮಾನ್ಯವಾಗಿ ಏನು ಬರೆಯುತ್ತಾರೆ? “ಗಾಡಿಗಳು ಬಹಳ ಜೋರಾಗಿ ಹೋಗುತ್ತವೆ, ಕ್ರಮ ಕೈಗೊಳ್ಳಬೇಕು.” ಇಷ್ಟೇ ಇದ್ದರೆ ಅಧಿಕಾರಿ ಏನು ಮಾಡಿಯಾನು? ಬಹಳ ಜೋರು ಅಂದರೆ ಎಷ್ಟು? ಅದಕ್ಕೇ ಮೊದಲು ಅಳೆಯಬೇಕು. ಟೇಪು ಹಿಡಿದು ರಸ್ತೆಯಂಚಿನಲ್ಲಿ 50 ಮೀಟರು ಅಳೆದು ಎರಡು ಗುರುತು ಮಾಡಿರಿ. ಮೊದಲ ಗುರುತು ದಾಟಿದ ಗಾಡಿ ಎರಡನೆಯದನ್ನು ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತೆಂದು ಮೊಬೈಲಿನಲ್ಲಿ ನೋಡಿರಿ. ಆರು ಸೆಕೆಂಡಾದರೆ ಗಂಟೆಗೆ 30 ಕಿಲೋಮೀಟರು. ನಾಲ್ಕೂವರೆಯಾದರೆ 40. ಮೂರೇ ಸೆಕೆಂಡಾದರೆ 60. ಓದುವ ಹುಡುಗರಿಗೆ ಹೇಳಿದರೆ ಖುಷಿಯಿಂದ ಮಾಡುತ್ತಾರೆ. ಆದರೆ ಜಗಲಿಯ ಮೇಲೆ ಕೂತು ಮಾಡಲಿ, ರಸ್ತೆಗೆ ಇಳಿಯಬಾರದು. ಒಂದು ವಾರ ಹೀಗೆ ದಿನ, ಹೊತ್ತು, ಗಾಡಿಯ ನಂಬರು, ಯಾವ ಕಡೆಯಿಂದ ಬಂತು ಎಂದು ಬರೆದಿಡಿರಿ. ಮಸಾಲೆ ಹಾಕಬೇಡಿರಿ.

ಹಿಂದೆ ಇಂಗ್ಲೆಂಡಿನಲ್ಲಿ ಪೇಟೆಯೊಳಗೆ ಗಂಟೆಗೆ ಎರಡೇ ಮೈಲಿ ಎಂಬ ಕಾನೂನಿತ್ತು. 1896ರಲ್ಲಿ ಒಬ್ಬ ಎಂಟು ಮೈಲಿ ಓಡಿಸಿದನೆಂದು ಪೊಲೀಸಿನವನು ಸೈಕಲ್ಲಿನಲ್ಲಿ ಬೆನ್ನಟ್ಟಿ ಹಿಡಿದು ದಂಡ ಹಾಕಿಸಿದ. ಈಗ ಸೈಕಲ್ಲು ಸಾಲದು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 183ನೆಯ ಕಲಮಿನಲ್ಲಿ ಒಂದು ಮಾತಿದೆ: ಒಬ್ಬ ಸಾಕ್ಷಿ ‘ಜೋರಾಗಿತ್ತೆಂದು ನನಗನಿಸಿತು’ ಎಂದಷ್ಟಕ್ಕೇ ಅತಿವೇಗದ ಶಿಕ್ಷೆ ಆಗುವುದಿಲ್ಲ, ಯಂತ್ರದ ಅಳತೆಯ ಆಧಾರ ಬೇಕು. ಹಾಗಾದರೆ ನಮ್ಮ ಪಟ್ಟಿ ಯಾಕೆ? ಯಾವ ಜಾಗದಲ್ಲಿ, ಯಾವ ಹೊತ್ತಿಗೆ ಪೊಲೀಸರು ಯಂತ್ರ ತಂದು ನಿಲ್ಲಬೇಕೆಂದು ತೋರಿಸುವುದಕ್ಕೆ.

ಇನ್ನು ಅರ್ಜಿ ಯಾರಿಗೆ? ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಗಾಡಿ ಓಡಿಸುವವನ ಮೇಲಿನ ದೂರು ಠಾಣೆಗೆ. ಪೇಟೆಯಲ್ಲಾದರೆ ಸಂಚಾರ ಠಾಣೆಗೆ. ಕಣ್ಣೆದುರಿಗೇ ಅಪಾಯ ನಡೆಯುತ್ತಿದ್ದರೆ 112ಕ್ಕೆ ಫೋನು. ಆದರೆ ಉಬ್ಬು, ಫಲಕ, ಬಿಳಿ ಪಟ್ಟೆ ಬೇಕೆಂದರೆ ಆ ರಸ್ತೆಯ ಯಜಮಾನ ಯಾರೆಂದು ಮೊದಲು ತಿಳಿಯಬೇಕು. ಬಡಾವಣೆಯ ಬೀದಿಗೆ ಮಹಾನಗರ ಪಾಲಿಕೆ ಅಥವಾ ನಗರಸಭೆ. ಊರೊಳಗಿನ ರಸ್ತೆಗೆ ಗ್ರಾಮ ಪಂಚಾಯಿತಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗೆ ಲೋಕೋಪಯೋಗಿ ಇಲಾಖೆ. ರಾಷ್ಟ್ರೀಯ ಹೆದ್ದಾರಿಯ ಮಾತಿಗೆ 1033. ಎಲ್ಲರಿಗೂ ಮೇಲೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಿದೆ. ಅರ್ಜಿಯ ಒಂದು ಪ್ರತಿ ಅಲ್ಲಿಗೂ ಹೋಗಲಿ.

ಕೆಲವು ಊರಲ್ಲಿ ಅರ್ಜಿಯ ಗೋಜೇ ಬೇಡವೆಂದು ರಾತ್ರೋರಾತ್ರಿ ಕಲ್ಲು ಮಣ್ಣು ಏರಿಸಿ ತಾವೇ ಹಂಪು ಕಟ್ಟುತ್ತಾರೆ. ನನ್ನ ಕೇಳಿದರೆ ಅದು ವೇಗಕ್ಕಿಂತ ಕೆಟ್ಟದ್ದು. ಬಣ್ಣವಿಲ್ಲ, ಫಲಕವಿಲ್ಲ, ಕತ್ತಲಲ್ಲಿ ಬೈಕಿನ ಹಿಂದೆ ಕೂತ ಹೆಣ್ಣುಮಗಳು ಹಾರಿ ಬೀಳುತ್ತಾಳೆ. ಬಸುರಿಯನ್ನು ಕೂರಿಸಿಕೊಂಡ 108ರ ಗಾಡಿಯೂ ಅದೇ ಹಂಪು ಹಾರಬೇಕು. ಸರಿಯಾದ ಉಬ್ಬಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಲೆಕ್ಕ ಕೊಟ್ಟಿದೆ: ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. ಅಂದರೆ ಗೇಣೆತ್ತರದ ಗೋಡೆಯಲ್ಲ, ಬೆನ್ನು ಬಾಗಿದಂಥ ದಿಬ್ಬ. 25 ಕಿಲೋಮೀಟರು ವೇಗದಲ್ಲಿ ಮೈ ಕುಲುಕದೆ ದಾಟಬಹುದು.

ಎಲ್ಲಕ್ಕಿಂತ ಕಷ್ಟದ್ದು ಬೇರೆ ಇದೆ. “ಅದು ನಮ್ಮ ದೊಡ್ಡಪ್ಪನ ಮಗನ ಟ್ರ್ಯಾಕ್ಟರು ಕಣಣ್ಣ, ಠಾಣೆಗೆ ಹ್ಯಾಂಗ ಹೋಗ್ಲಿ?” ನ್ಯಾಯವಾದ ಮಾತೇ. ನಾಳೆ ಕಾಲುವೆ ನೀರಿಗೆ, ಮದುವೆ ಮುಂಜಿಗೆ ಅದೇ ಮನೆಯವರ ಮುಖ ನೋಡಬೇಕು. ಅದಕ್ಕೇ ಒಬ್ಬರೇ ಹೋಗಬೇಡಿರಿ. ಉಬ್ಬು ಕೇಳುವ ಅರ್ಜಿಯಲ್ಲಿ ಯಾರ ಹೆಸರೂ ಬೇಕಾಗಿಲ್ಲ. ರಸ್ತೆಯ ಮಾತು ಸಾಕು. ಅದನ್ನು ಗ್ರಾಮಸಭೆಯಲ್ಲಿ ಎತ್ತಿರಿ, ಹತ್ತಾರು ಮನೆಯವರು ರುಜು ಹಾಕಲಿ, ಹೆಂಗಸರದೂ ಇರಲಿ. ಮಗುವನ್ನು ಕೈಹಿಡಿದು ರಸ್ತೆ ದಾಟಿಸುವವರು ಅವರೇ ತಾನೆ?

ಓಡಿಸುವವನು ಹದಿನೆಂಟು ತುಂಬದ ಹುಡುಗನಾದರೆ, ಠಾಣೆಗಿಂತ ಮೊದಲು ಅವನ ಅಪ್ಪನ ಹತ್ತಿರ ಇಬ್ಬರು ಹಿರಿಯರು ಹೋಗಿ ಕಾಯ್ದೆಯ 199ಎ ಕಲಮನ್ನು ತಿಳಿಸಲಿ. 2019ರ ತಿದ್ದುಪಡಿಯಲ್ಲಿ ಬಂದದ್ದು ಇದು. ಹುಡುಗ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಸುಗ್ಗಿಯ ಹೊತ್ತಿಗೆ ಟ್ರ್ಯಾಕ್ಟರಿನ ನೋಂದಣಿ ಹೋದರೆ ಏನು ಗತಿ? ಇಷ್ಟು ಕೇಳಿದ ಮೇಲೂ ಕೀಲಿಕೈ ಕೊಡುವ ಅಪ್ಪನಿದ್ದರೆ, ಠಾಣೆಯ ದಾರಿ ಇದ್ದೇ ಇದೆ.

ನಮ್ಮ ಕಡೆಯದೂ ಒಂದಿಷ್ಟು ಇದೆ. ಡಾಂಬರಿನ ಮೇಲೆ ಮೆಕ್ಕೆಜೋಳ ಹರವಿ, ಸುತ್ತ ಕಲ್ಲಿಟ್ಟು, ರಾತ್ರಿಯೂ ಹಾಗೇ ಬಿಡುತ್ತೇವೆ. ಆ ರಸ್ತೆಯ ಬಗ್ಗೆ ಅರ್ಜಿ ಕೊಟ್ಟರೆ, ನೋಡಲು ಬಂದ ಅಧಿಕಾರಿಯ ಕಣ್ಣಿಗೆ ಮೊದಲು ಬೀಳುವುದು ಆ ಕಲ್ಲೇ. ಮೊದಲು ಕಲ್ಲು ಎತ್ತಿರಿ.

ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಕಛೇರಿಯ ಮೊಹರು, ತಾರೀಖು ಹಾಕಿಸಿಕೊಂಡೇ ಬನ್ನಿ. ಬರಿ ಬಾಯಿಮಾತಿಗೆ ಲೆಕ್ಕವಿಲ್ಲ. ತಿಂಗಳೆರಡು ತಿಂಗಳಾದರೂ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಹತ್ತು ರೂಪಾಯಿ ಕಟ್ಟಿ, “ನಮ್ಮ ಅರ್ಜಿಯ ಮೇಲೆ ಏನು ಕ್ರಮವಾಗಿದೆ?” ಎಂದು ಕೇಳಿರಿ; 30 ದಿನದೊಳಗೆ ಹೇಳಬೇಕು. ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟುವುದು ಅಕ್ಟೋಬರು, ನವೆಂಬರಿನಲ್ಲಿ. ಬಿತ್ತನೆ ಮುಗಿದು ಕೈ ಬಿಡುವಾದ ಆಷಾಢದಲ್ಲೇ ಅಳತೆ ಮುಗಿಸಿ ಅರ್ಜಿ ಹಾಕಿದರೆ, ಲಾರಿ ಬರುವ ಮೊದಲು ಉಬ್ಬು ಬೀಳಲು ಹೊತ್ತು ಸಿಗುತ್ತದೆ.