ಗೋಧಿಗೆ ತುಕ್ಕು ತಡೆಯುವ ಬೀಜ: ಸಂಘದ ಹೆಣ್ಮಕ್ಕಳು ತಿಳಕೊಳ್ಳಬೇಕಾದ ಮಾತು

(ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಮರುಪಾವತಿ - ಈ ಮಾತು ನಾವು ಪ್ರತಿ ಸಭೆಯಲ್ಲೂ ಆಡ್ತೀವಿ. ಇವತ್ತು ಬೀಜದ ಮಾತು ಆಡೋಣ. ಯಾಕಂದ್ರ ಹಿಂಗಾರಿಗೆ ಸಂಘದಿಂದ ಎತ್ತಿದ ಸಾಲ ಬೀಜ, ಗೊಬ್ಬರಕ್ಕೇ ಹೋಗ್ತದ. ಬೆಳಿ ಕೈಕೊಟ್ರ ಕಂತೂ ನಿಲ್ತದ.

ನಮ್ಮ ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ತೊಗರಿ, ಜೋಳವೇ ದೊಡ್ಡ ಬೆಳೆ. ಆದರೂ ನೀರಿನ ಅನುಕೂಲ ಇದ್ದಲ್ಲಿ ಮನೆ ಮಟ್ಟಿಗೆ ಗೋಧಿ ಬಿತ್ತುವವರು ಇದ್ದಾರ. ಈ ಗೋಧಿಯ ದೊಡ್ಡ ವೈರಿ ತುಕ್ಕು ರೋಗ. ಭಂಡಾರ ರೋಗ ಅಂತಲೂ ಅಂತಾರ. ಎಲೆ ಮ್ಯಾಲೆ ಬೆರಳು ಆಡಿಸಿದರ ಕಂದು ಪುಡಿ ಕೈಗೆ ಹತ್ತತದ. ಕಾಂಡಕ್ಕೆ ಬಂದರ ಉದ್ದುದ್ದ ಗುಳ್ಳೆ ಒಡೆದು, ಕಡೆಗೆ ಕಪ್ಪಾಗ್ತದ. ಹಳದಿ ಪಟ್ಟೆ ತುಕ್ಕು ಅನ್ನೋದು ಇನ್ನೊಂದು. ಅದಕ್ಕ ತಂಪು ಬೇಕು, ಪಂಜಾಬ್ ಕಡೆ ಅದರ ಹಾವಳಿ ಹೆಚ್ಚು. ಮೂರೂ ಬೂಷ್ಟಿನ ಜಾತಿಯ ಶಿಲೀಂಧ್ರದಿಂದ ಬರ್ತಾವ. ಕಾಳಿಗೆ ಹೋಗಬೇಕಾದ ಸಾರ ಅದು ಹೀರಿಕೊಂಡು ಕಾಳು ಜೊಳ್ಳಾಗ್ತದ.

ಈ ರೋಗ ಎಲ್ಲಿಂದ ಬರ್ತದ? ಬೀಜದಿಂದ ಅಲ್ಲ, ಗಾಳಿಯಿಂದ. ಆಗ್ರಾ ಕಾಲೇಜಿನ ಪ್ರಾಧ್ಯಾಪಕ ಕೆ.ಸಿ. ಮೆಹ್ತಾ ಅವರು ಸ್ವಾತಂತ್ರ್ಯಕ್ಕಿಂತ ಮೊದಲೇ ಇದನ್ನು ಹುಡುಕಿದರು. ಬಯಲು ಸೀಮೆಯ ಬೇಸಿಗೆ ಬಿಸಿಲಿಗೆ ತುಕ್ಕು ಸಾಯ್ತದ. ಆದರೆ ತಂಪಾದ ಬೆಟ್ಟದಾಗ ವರ್ಷವಿಡೀ ಬದುಕಿರ್ತದ. ದಕ್ಷಿಣದಾಗ ನೀಲಗಿರಿ, ಪಳನಿ ಬೆಟ್ಟಗಳೇ ಅದರ ತವರು. ನವೆಂಬರ್ ಸುಮಾರಿಗೆ ಬಂಗಾಳ ಕೊಲ್ಲಿಯ ಚಂಡಮಾರುತದ ಗಾಳಿ ಜೋಡಿ ಆ ಪುಡಿ ನೂರಾರು ಮೈಲಿ ಹಾರಿ ಬರ್ತದ. ಗಾಳಿಗೆ ಬೇಲಿ ಹಾಕಾಕ ಆಗೂದಿಲ್ಲ. ಹಂಗಾಗಿ ರೋಗ ತಡೆಯೋ ಶಕ್ತಿ ಗಿಡದಾಗೇ ಇರಬೇಕು.

ಅಂಥ ತಳಿ ಮಾಡೋದು ಹ್ಯಾಂಗ? ಗೋಧಿ ಹೂವು ತನ್ನೊಳಗೇ ತಾನು ಕಾಳು ಕಟ್ತದ. ವಿಜ್ಞಾನಿಗಳು ಚಿಮಟದಿಂದ ಒಂದು ತೆನೆಯ ಗಂಡು ಕೇಸರ ತೆಗೆದು, ಕಾಗದದ ಚೀಲ ಮುಚ್ಚಿ, ರೋಗ ತಡೆಯೋ ಇನ್ನೊಂದು ಗೋಧಿಯ ಪರಾಗ ಅದಕ್ಕ ಹಾಕ್ತಾರ. ಅದರ ಸಂತತಿಯನ್ನು ಬಿತ್ತಿ, ಬೇಕಂತಲೇ ಸುತ್ತಲೂ ತುಕ್ಕು ಹತ್ತುವ ಗೋಧಿ ಸಾಲು ಬೆಳೆಸ್ತಾರ. ರೋಗದ ನಡುವೆ ನಿಂತು ಕಾಳು ತುಂಬಿದ ಗಿಡ ಮಾತ್ರ ಆರಿಸ್ತಾರ. ಒಂದು ತಳಿಗೆ ಹತ್ತು ವರ್ಷ ಹಿಡಿದರೂ ಹಿಡೀತು. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಇದಕ್ಕಾಗಿಯೇ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ರೋಗದ ತವರಲ್ಲೇ ಪರೀಕ್ಷೆ! 1954ರಲ್ಲಿ ಬಿ.ಪಿ. ಪಾಲ್ ಅವರ ಎನ್.ಪಿ. 809 ಎಂಬ ತಳಿ ಮೂರೂ ತುಕ್ಕು ತಡೆಯುವಂಥದ್ದಾಗಿ ಹೊರಬಂತು. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಡಿ.ಡಬ್ಲ್ಯು.ಆರ್. 162, ಯು.ಎ.ಎಸ್. 304 ಮುಂತಾದ ತಳಿ ಕೊಟ್ಟಿದೆ.

ಈಗ ನಿಮ್ಮ ಅಡಿಗೆ ಮನೆ ಮಾತು. ಹುಗ್ಗಿ, ಮಾದಲಿ, ಶಾವಿಗಿಗೆ ಹೆಸರಾದ ಖಪಲಿ ಗೋಧಿ, ಅಂದ್ರ ಸದಕ, ಜವೆಗೋಧಿ, ಕೇಳೀರಲ್ಲ? ಹೊಟ್ಟು ಬಿಗಿ, ಕುಟ್ಟಾಕ ಕಷ್ಟ ಅಂತ ಭಾಳ ಮಂದಿ ಬಿಟ್ಟುಬಿಟ್ಟಾರ. ಆದರೆ ಕಾಂಡದ ತುಕ್ಕು ತಡೆಯುವ ಗುಣ ಇದರಾಗ ಐತಿ ಅಂತ ತಿಳಿದು ದೂರದ ದೇಶದವರು ಈ ಕಾಳು ಒಯ್ದರು. ಆಸ್ಟ್ರೇಲಿಯಾದ ಒಂದು ತಳಿಗೆ ಖಾಪ್‌ಸ್ಟೀನ್ ಅಂತಲೇ ಹೆಸರು. ನಮ್ಮ ಖಪಲಿಯ ಹೆಸರೇ ಅದರೊಳಗದ. ಬೆಳೆಯುವವರಿಗೆ ಅನುಕೂಲ ಆಗಲಿ ಅಂತ ಧಾರವಾಡದವರು ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಎಂಬ ಗಿಡ್ಡ ಖಪಲಿ ತಳಿಗಳನ್ನೂ ಮಾಡ್ಯಾರ. ಗಿಡ್ಡ ಇದ್ದದ್ದಕ್ಕ ಬೇಗ ನೆಲಕ್ಕ ಬೀಳೂದಿಲ್ಲ.

ಆದರೆ ಒಮ್ಮೆ ಒಳ್ಳೆ ಬೀಜ ಸಿಕ್ಕಿತು, ಇನ್ನು ಚಿಂತಿ ಇಲ್ಲ ಅನ್ನಬಾರದು. ರೋಗವೂ ತನ್ನ ರೂಪ ಬದಲಿಸ್ತದ. 1960ರ ದಶಕದಾಗ ದೇಶದ ಹೊಟ್ಟೆ ತುಂಬಿಸಿದ ಕಲ್ಯಾಣ ಸೋನಾ ಕೆಲವೇ ವರ್ಷದಾಗ ಎಲೆ ತುಕ್ಕಿಗೆ ಸೋತಿತು. 1998ರಲ್ಲಿ ಆಫ್ರಿಕಾದ ಉಗಾಂಡಾದಲ್ಲಿ ಕಂಡ ಕಾಂಡ ತುಕ್ಕಿನ ಹೊಸ ಕುಲ, ಅನೇಕ ದೇಶಗಳ ಗೋಧಿ ನೆಚ್ಚಿಕೊಂಡಿದ್ದ ಗುಣವನ್ನೇ ಮುರಿಯಿತು. 2007ರ ಹೊತ್ತಿಗೆ ಇರಾನ್ ತನಕ ಮುಟ್ಟಿತ್ತು. ಹಿಂಗಾಗಿ ಹೊಸ ತಳಿಯ ಹುಡುಕಾಟ ನಿಲ್ಲುವಂಥದ್ದಲ್ಲ. ಖಪಲಿಯಂಥ ಹಳೇ ಕಾಳು ಕಳಕೊಂಡರ ನಾಳೆ ಗುಣ ಎಲ್ಲಿಂದ ತರೋದು?

ಆದ್ದರಿಂದ ಸಂಘದಾಗ ಈ ಮಾತು ನೆನಪಿಡ್ರಿ:

1. ಬೀಜ ಕೊಳ್ಳುವಾಗ ತಳಿಯ ಹೆಸರು ಕೇಳ್ರಿ. ಪ್ರಮಾಣಿತ ಬೀಜದ ಚೀಲಕ್ಕ ನೀಲಿ ಚೀಟಿ ಇರ್ತದ. ಚೀಟಿ, ರಸೀದಿ ಎರಡೂ ಜೋಪಾನ ಮಾಡ್ರಿ.

2. ಈಗ ನಮ್ಮ ಭಾಗಕ್ಕೆ ಯಾವ ತಳಿ ಅಂತ ರೈತ ಸಂಪರ್ಕ ಕೇಂದ್ರ ಅಥವಾ ಕಲಬುರಗಿ ಕೃಷಿ ವಿಜ್ಞಾನ ಕೇಂದ್ರದಾಗ ನಾಲ್ಕು ಮಂದಿ ಕೂಡಿ ಹೋಗಿ ಕೇಳ್ರಿ. ಗಂಡಸರೇ ಹೋಗಬೇಕಂತಿಲ್ಲ.

3. ಒಳ್ಳೆ ತಳಿಯ ಬೀಜ ಎರಡು-ಮೂರು ವರ್ಷ ಮನೆಯಲ್ಲೇ ಉಳಿಸಬಹುದು. ಕಾಳು ಚೆನ್ನಾಗಿ ಒಣಗಿಸಿ, ಬೇರೆ ಕಾಳು ಬೆರೆಯದಂತೆ ಇಡ್ರಿ.

4. ತಡ ಮಾಡಿ ಬಿತ್ತಿದ ಗೋಧಿಗೆ ತುಕ್ಕಿನ ಕಾಟ ಹೆಚ್ಚು. ಹೊಲದಾಗ ಪುಡಿ ಕಂಡ ದಿನವೇ ಕೃಷಿ ಅಧಿಕಾರಿಗೆ ತಿಳಿಸ್ರಿ. ಹೊಲವೆಲ್ಲ ಹಬ್ಬಿದ ಮ್ಯಾಲೆ ಔಷಧಿ ಹೊಡೆದರ ಖರ್ಚು ಮಾತ್ರ ಉಳೀತದ.

ಬೀಜ ಕಾಯೋ ಕೆಲಸ ಮೊದಲಿನಿಂದಲೂ ಹೆಣ್ಮಕ್ಕಳದು. ಗಡಿಗ್ಯಾಗ ಬೂದಿ ಹಾಕಿ ಬೀಜ ಇಟ್ಟವರು ನಮ್ಮ ಅವ್ವಂದಿರು. ಸಾಲದ ಪುಸ್ತಕದ ಜೋಡಿ ಒಂದು ಬೀಜದ ಪುಸ್ತಕವೂ ಪ್ರತಿ ಸಂಘದಾಗ ಇರಲಿ: ಯಾವ ತಳಿ, ಎಲ್ಲಿಂದ ತಂದದ್ದು, ರೋಗ ಬಂತೋ ಇಲ್ಲೋ. ಮುಂದಿನ ಸಭೆಗೆ ಬರೆದುಕೊಂಡು ಬರ್ರಿ, ಕೂಡಿ ಓದೋಣ.