ಚಿತ್ರದಲ್ಲಿ ನಮ್ಮ ಚಳಿಗಾಲ

(ಯಲಹಂಕದಲ್ಲಿ ಉಪಾಧ್ಯಾಯರ ಸಭೆಯ ಮುಂದೆ ಮಾಡಿದ ಭಾಷಣ)



ಚಳಿಗಾಲದ ಚಿತ್ರವೊಂದನ್ನು ಬರೆಯಿರೆಂದು ಹೇಳಿದರೆ ನಮ್ಮ ಮಕ್ಕಳು ಹಿಮದ ಬೆಟ್ಟವನ್ನೂ ಎಲೆಯುದುರಿದ ಮರವನ್ನೂ ಬರೆಯುವರು. ಹಿಮವನ್ನು ಕಣ್ಣಾರೆ ಕಂಡ ಮಗುವು ಆ ತರಗತಿಯಲ್ಲಿ ಎಷ್ಟಿರಬಹುದು? ಪರದೇಶದ ಚಳಿಯು ಪುಸ್ತಕದಿಂದ ಬಂದು ಕೈಗೆ ಹತ್ತಿತು. ನಮ್ಮ ಚಳಿಯು ಕಣ್ಣಮುಂದಿದ್ದೂ ಕಾಣದಾಯಿತು.

ಪರದೇಶದ ಚಿತ್ರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬ್ರೂಗಲನು 1565ರಲ್ಲಿ ಬರೆದ ಬೇಟೆಗಾರರ ಚಿತ್ರದಲ್ಲಿ ಹಸುರು ಬೆರೆತ ಬೂದುಬಣ್ಣದ ಆಕಾಶವೇ ಚಳಿಯನ್ನು ಹೇಳುತ್ತದೆ. ಫ್ರಾನ್ಸಿನ ಮೋನೆಯು 1868-69ರ ತನ್ನ ಚಿತ್ರವೊಂದರಲ್ಲಿ ಹಿಮದ ಮೇಲೆ ಬಿದ್ದ ಬೇಲಿಯ ನೆರಳಿಗೆ ಕಪ್ಪನ್ನು ಬಿಟ್ಟು ನೀಲಿಯನ್ನು ಬಳಿದನು. ಬಿಸಿಲು ತಾಗದೆಡೆಗೆ ಆಕಾಶದ ಬೆಳಕೇ ಬೀಳುವುದರಿಂದ ನೆರಳಿಗೆ ಆ ಬಣ್ಣ ಬರುವುದು. ಅವರಿಂದ ನಾವು ಕಲಿಯತಕ್ಕ ವಿದ್ಯೆಯೆಂದರೆ ಇಂತಹ ನೋಟವೇ.

ಹಾಗಾದರೆ ನಮ್ಮ ಚಳಿಗಾಲದ ಬಣ್ಣ ಯಾವುದು? ಪುಷ್ಯಮಾಸದಲ್ಲಿ ಮಂಜು ಕವಿದ ಬೆಳಗು ಹೆಬ್ಬಾಳದ ಕೆರೆಯ ದಡದಲ್ಲಿ ನಿಂತು ನೋಡಿರಿ. ನೀರಿಗೂ ಆಕಾಶಕ್ಕೂ ನಡುವಣ ಗೆರೆ ಅಳಿಸಿರುತ್ತದೆ. ಹತ್ತಿರದ ಜೊಂಡು ಕಂದು; ಅದರಾಚೆಯ ಮರ ಮಾಸಲು ಹಸುರು; ಅದಕ್ಕೂ ಆಚೆ ಎಲ್ಲವೂ ಬೂದು ಬೆರೆತ ನೀಲಿ. ಸೂರ್ಯನು ಏರಿದಂತೆ ಅದರೊಳಗೆ ತೆಳುವಾದ ಕೇಸರಿ ಹರಡುವುದು. ಹಿಮದ ನಾಡಿನಲ್ಲಿ ಈ ಕಾಲಕ್ಕೆ ಹೊಲಗಳು ಮಲಗಿರುತ್ತವೆ. ನಮ್ಮಲ್ಲಿ ಅವರೆ ಕಾಯಿಕಟ್ಟುತ್ತದೆ, ರಾಗಿ ಕಣಕ್ಕೆ ಬರುತ್ತದೆ. ಆದಕಾರಣ ನಮ್ಮ ಮಂಜಿನ ಭಾವದಲ್ಲಿ ದುಃಖಕ್ಕಿಂತ ನಿರೀಕ್ಷೆಯೇ ಹೆಚ್ಚು.

ಸುತ್ತಣ ನಾಡನ್ನು ನೋಡಿ ಬರೆದ ಹಿರಿಯರು ನಮ್ಮಲ್ಲಿಯೇ ಆಗಿಹೋಗಿದ್ದಾರೆ. ಕೆ. ವೆಂಕಟಪ್ಪನವರು (1886-1965) ಉದಕಮಂಡಲದ ಮಂಜನ್ನೂ ಮೋಡವನ್ನೂ ಜಲವರ್ಣದಲ್ಲಿ ಹಿಡಿದರು. ದೊಡ್ಡಬಳ್ಳಾಪುರದಲ್ಲಿ ಹುಟ್ಟಿ, ಸ್ವಾತಂತ್ರ್ಯದ ಹೋರಾಟದಲ್ಲಿ ಭಾಗವಹಿಸಿದ ರುಮಾಲೆ ಚನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಮರಗಳನ್ನು ಬಣ್ಣದಲ್ಲಿ ಉಳಿಸಿಕೊಟ್ಟರು.

ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ. ಈ ಪುಷ್ಯದಲ್ಲಿ ಒಂದು ಬೆಳಗು ಮಕ್ಕಳನ್ನು ಹತ್ತಿರದ ಕೆರೆಗೆ ಕರೆದೊಯ್ಯಿರಿ. ಕಾಗದ ಹಸಿಯಿರುವಾಗಲೇ ದೂರದ ಬಣ್ಣವನ್ನು ತೆಳುವಾಗಿ ಹರಿಯಬಿಡಲಿ. ಒಣಗಿದ ಮೇಲೆ ಹತ್ತಿರದ ಜೊಂಡನ್ನು ಬರೆಯಲಿ. ಮಂಜಿಗಾಗಿ ಬಿಳಿಯ ಬಣ್ಣ ಬೇಡ, ಕಾಗದದ ಬಿಳುಪೇ ಸಾಕು. ಪಟ್ಟಣವು ಬೆಳೆದು ಕೆರೆಬಯಲುಗಳು ಕಿರಿದಾಗುತ್ತಿರುವ ಈ ಕಾಲದಲ್ಲಿ ನೋಡದ ಕಣ್ಣು ತಾನು ಕಳೆದುಕೊಂಡುದನ್ನು ಸಹ ಅರಿಯದು. ನೋಡಿ ಬರೆದ ಮಗುವಾದರೋ ತನ್ನೂರಿನ ಕೆರೆಯನ್ನು ಸುಲಭವಾಗಿ ಮರೆಯಲಾರದು.