ಹಲಾಲ್ ಫಲಕದ ಪಕ್ಕದಲ್ಲಿ ಇನ್ನೊಂದು ಫಲಕ

(ಕಟಕೋಳದಲ್ಲಿ ಮಾಡಿದ ಭಾಷಣದ ಪಠ್ಯ)



ಊಟಕ್ಕಾಗಿ ಹೋಟೆಲೊಂದನ್ನು ಆರಿಸುವಾಗ ನಾವು ಏನನ್ನು ನೋಡುತ್ತೇವೆ? ಗೋಡೆಯ ಮೇಲೆ ಹಲಾಲ್ ಎಂಬ ಅಕ್ಷರಗಳಿವೆಯೇ, ಗಿರಾಕಿಗಳು ತುಂಬಿದ್ದಾರೆಯೇ, ಬಿರಿಯಾನಿಯ ದರವೆಷ್ಟು ಎಂಬಿಷ್ಟನ್ನೇ. ಅಡುಗೆಮನೆಯತ್ತ ದೃಷ್ಟಿ ಹಾಯಿಸುವವರು ವಿರಳ. ಒಮ್ಮೆ ಪ್ರಯಾಣದ ನಡುವೆ ತಟ್ಟೆ ತೊಳೆಯುವ ನೀರಿನ ಬಗ್ಗೆ ನಾನು ವಿಚಾರಿಸಿದಾಗ ಮಾಲಿಕನಿಗಿಂತ ಮೊದಲು ಜೊತೆಗಿದ್ದ ಹಿರಿಯರೇ ಗದರಿಸಿದರು: "ನಮ್ಮವರ ಹೋಟೆಲ್, ಹಲಾಲ್ ಊಟ. ಇನ್ನೇನು ಬೇಕು ನಿಮಗೆ?"

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 168ನೇ ಸೂಕ್ತದಲ್ಲಿ ಹಲಾಲ್ ಎಂಬ ಪದದ ಜೊತೆಗೇ ತಯ್ಯಿಬ್ ಎಂಬ ಪದವೂ ಇದೆ. ಆಹಾರವು ಧರ್ಮಸಮ್ಮತವಾಗಿದ್ದರೆ ಸಾಲದು, ಶುದ್ಧವೂ ಆಗಿರಬೇಕು. ಮದ್ರಸಾದಲ್ಲಿ ನಾವು ಎರಡನ್ನೂ ಓದಿದೆವು. ಪೇಟೆಗೆ ಬರುವಾಗ ಒಂದನ್ನು ಅಲ್ಲಿಯೇ ಬಿಟ್ಟು ಬಂದೆವು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಳಿಸಿ ಒಳಗಿನ ತೇವವನ್ನು ಪತ್ತೆಹಚ್ಚಿದ ಪ್ರವಾದಿವರ್ಯರು(ಸ), ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ಆ ವ್ಯಾಪಾರಿಗೆ ತಿಳಿಸಿದ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಅಂದರೆ ದೋಷವು ಗಿರಾಕಿಯ ಕಣ್ಣಿಗೆ ಬೀಳಬೇಕು. 12ನೇ ಶತಮಾನದಲ್ಲಿ ಸಿರಿಯಾದ ಶೈಝರಿಯವರು ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬ್‌ನಿಗಾಗಿ ಬರೆದ ಕೈಪಿಡಿಯಲ್ಲಿ, ರೊಟ್ಟಿಯ ಹಿಟ್ಟು ನಾದುವವನು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಬೆವರು ತೊಟ್ಟಿಕ್ಕದಂತೆ ಹಣೆಗೆ ಪಟ್ಟಿ ಬಿಗಿಯಬೇಕು, ನೊಣ ಓಡಿಸಲು ಒಬ್ಬನಿರಬೇಕು ಎಂಬ ನಿಯಮಗಳಿದ್ದವು. ಇಂತಹ ಪರಂಪರೆಯ ವಾರಸುದಾರರು ತಟ್ಟೆ ತೊಳೆಯುವ ನೀರಿನ ಬಗ್ಗೆ ಕೇಳಿದರೆ ಅದು ಅಪಮಾನವಾಗುವುದೇ?

ಇಂದು ಜಗತ್ತು ಅದನ್ನೇ ಬೇರೆ ರೀತಿಯಲ್ಲಿ ಮಾಡುತ್ತಿದೆ. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ 1998ರಲ್ಲಿ ಹೋಟೆಲುಗಳ ಬಾಗಿಲಲ್ಲಿ ಎ, ಬಿ, ಸಿ ಎಂಬ ದರ್ಜೆಗಳನ್ನು ಅಂಟಿಸುವ ಪದ್ಧತಿ ಬಂತು. ವೇಲ್ಸ್ ಪ್ರಾಂತವು 2013ರಿಂದ ಸೊನ್ನೆಯಿಂದ 5ರವರೆಗಿನ ಅಂಕದ ಪ್ರದರ್ಶನವನ್ನು ಕಡ್ಡಾಯಗೊಳಿಸಿತು. ಸೊನ್ನೆ ಬಂದವನೂ ಅದನ್ನು ತೂಗುಹಾಕಬೇಕು. ನಮ್ಮಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಬಳಿಕ ಪರವಾನಿಗೆ ಪತ್ರವನ್ನು ಎದ್ದುಕಾಣುವಂತೆ ಇಡುವುದು ನಿಯಮವಾಯಿತು. ಆ ಬಳಿಕ ಸ್ವಚ್ಛತೆಗೆ 1ರಿಂದ 5ರವರೆಗೆ ಶ್ರೇಯಾಂಕ ನೀಡುವ ಯೋಜನೆಯೂ ಬಂತು. ಆದರೆ ಅದನ್ನು ಸ್ವಯಂಪ್ರೇರಿತವಾಗಿಯೇ ರೂಪಿಸಲಾಯಿತು. ಮಾಲಿಕನೇ ಮುಂದೆ ಬಂದು ತಪಾಸಣೆ ಮಾಡಿಸಿಕೊಳ್ಳಬೇಕು. ಆದುದರಿಂದ ಶ್ರೇಯಾಂಕವಿಲ್ಲದ ಸಣ್ಣ ಖಾನಾವಳಿ ಕೊಳಕೆಂದು ತೀರ್ಮಾನಿಸುವುದು ಅನ್ಯಾಯ. ಹಿತ್ತಲಲ್ಲಿ ರೊಟ್ಟಿ ಬಡಿದು ಬದುಕುವ ಎಷ್ಟೋ ವಿಧವೆಯರ ಒಲೆಯ ಸುತ್ತಲಿನ ಸ್ವಚ್ಛತೆ ಹವಾನಿಯಂತ್ರಿತ ಹೋಟೆಲುಗಳಲ್ಲಿಲ್ಲ.

ಫಲಕವೆಂದೊಡನೆ ನಮ್ಮವರಿಗೆ ಭಯವಾಗುವುದೂ ಸಹಜ. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಕಾವಡ್ ಯಾತ್ರೆಯ ಮಾರ್ಗದಲ್ಲಿ ಹೋಟೆಲ್ ಮಾಲಿಕರು ತಮ್ಮ ಹೆಸರನ್ನು ಪ್ರದರ್ಶಿಸಬೇಕೆಂದು ಆದೇಶಿಸಲಾಯಿತು. ಜುಲೈ 22ರಂದು ಸುಪ್ರೀಮ್ ಕೋರ್ಟ್ ಅದಕ್ಕೆ ತಡೆಯಾಜ್ಞೆ ನೀಡಿ, ಯಾವ ಬಗೆಯ ಆಹಾರವೆಂದು ತಿಳಿಸಿದರೆ ಸಾಕು, ಹೆಸರು ಹೇಳುವಂತೆ ಬಲವಂತ ಮಾಡಬಾರದು ಎಂದಿತು. ಹೆಸರು ತಟ್ಟೆಯ ಶುದ್ಧಿಯನ್ನು ಹೇಳುವುದಿಲ್ಲ, ಮಾಲಿಕನ ಧರ್ಮವನ್ನಷ್ಟೇ ಹೇಳುತ್ತದೆ. ಆ ಆದೇಶದ ಉದ್ದೇಶವೂ ಬೇರೇನಿರಲಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಆ ಫಲಕವನ್ನು ವಿರೋಧಿಸಿದ ನಾವು ಈ ಫಲಕವನ್ನೂ ಅದರೊಂದಿಗೆ ಸೇರಿಸಿ ತಿರಸ್ಕರಿಸಿದರೆ, ನಮ್ಮ ಮೇಲೆ ಕೊಳಕಿನ ಆರೋಪ ಹೊರಿಸಲು ಕಾದಿರುವವರಿಗೆ ನಾವೇ ದಾರಿ ತೋರಿದಂತಾಗುತ್ತದೆ.

ಕಬಾಬಿನ ವಿಷಯವನ್ನೇ ನೋಡಿ. 2024ರಲ್ಲಿ ಕರ್ನಾಟಕ ಸರಕಾರ ಪರೀಕ್ಷಿಸಿದ 39 ಕಬಾಬ್ ಮಾದರಿಗಳ ಪೈಕಿ 8ರಲ್ಲಿ ಕೃತಕ ಬಣ್ಣ ಕಂಡುಬಂತು. ಜೂನ್‌ನಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ಕೆಂಪಗಿಲ್ಲದಿದ್ದರೆ ಗಿರಾಕಿ ಮುಟ್ಟುವುದಿಲ್ಲ ಎಂದು ವ್ಯಾಪಾರಿಗಳು ದೂರಿದರೆ ಅದರಲ್ಲಿ ಸತ್ಯಾಂಶವಿದೆ. ಬಣ್ಣವನ್ನು ಕೇಳಿದವರು ನಾವು, ನಮ್ಮ ಮಕ್ಕಳು.

ಹೋಟೆಲ್ ನಡೆಸುವ ಸಹೋದರರು ಇಲ್ಲಿಯೂ ಕುಳಿತಿರಬಹುದು. ಕಪಾಟಿನಲ್ಲಿಟ್ಟ ಆ 14 ಅಂಕಿಗಳ ಪತ್ರವನ್ನು ದಯವಿಟ್ಟು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿರಿ. ಅರ್ಜಿ ತುಂಬಲು ಬಾರದವರಿಗೆ ನಮ್ಮ ಪದವೀಧರ ಯುವಕರು ಜುಮಾ ನಮಾಝಿನ ಬಳಿಕ ಅರ್ಧ ಗಂಟೆ ಮಸೀದಿಯ ಅಂಗಳದಲ್ಲಿ ಕುಳಿತು ನೆರವಾಗಲಿ. ಉಳಿದವರು ಮುಂದಿನ ಸಲ ಊಟಕ್ಕೆ ಹೋದಾಗ, ಸಲಾಮ್ ಹೇಳಿ, ನಗುಮುಖದಿಂದಲೇ ಅಡುಗೆಮನೆಯನ್ನೊಮ್ಮೆ ನೋಡಬಹುದೇ ಎಂದು ಕೇಳಿರಿ.